ಮೀನಿದೆ ಸರಿ, ಆದರೆ ಯಾವ ಮೀನು?

ಪುಣೆಯ ಸಂಗಮ ಸೇತುವೆ ಹತ್ತಿರ ನಿಂತು ಕೆಳಗೆ ನೋಡಿದ್ದೀರಾ? ಮುಳಾ ಮತ್ತು ಮುಠಾ ಇಲ್ಲೇ ಸೇರೋದು. ಒಮ್ಮೆ ನನ್ನ ತರಗತಿಯ ಹುಡುಗನೊಬ್ಬ ಕೇಳಿದ: "ಟೀಚರ್, ಹೊಳೆಯಲ್ಲಿ ಮೀನು ಕಾಣ್ತವಲ್ಲ, ಅಂದ್ರೆ ನೀರು ಚೆನ್ನಾಗಿದೆ ಅಲ್ವಾ?"

ಪ್ರಶ್ನೆ ಸಣ್ಣದು, ಉತ್ತರ ಸ್ವಲ್ಪ ಉದ್ದ.

ಮೀನೂ ನಮ್ಮ ಹಾಗೆ ಉಸಿರಾಡುತ್ತದೆ, ನೀರಿನಲ್ಲಿ ಕರಗಿದ ಆಮ್ಲಜನಕವನ್ನು. 25 ಡಿಗ್ರಿ ಶಾಖದ ಶುದ್ಧ ನೀರಿನ ಒಂದು ಲೀಟರಿನಲ್ಲಿ ಅದು ಹೆಚ್ಚೆಂದರೆ ಸುಮಾರು 8 ಮಿಲಿಗ್ರಾಂ. ಮೀನುಗಾರಿಕೆಯ ನೀರಿನಲ್ಲಿ ಕನಿಷ್ಠ 4 ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಊರಿನ ಕೊಳಚೆ ಹೊಳೆಗೆ ಬಿದ್ದಾಗ ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ಬೆಳೆದು ಈ ಆಮ್ಲಜನಕವನ್ನೇ ಖರ್ಚು ಮಾಡುತ್ತವೆ. ಮೇಲೆ ಜಲಪರ್ಣಿ ಹಬ್ಬಿದರೆ ಬೆಳಕೂ ಗಾಳಿಯೂ ಕಡಿಮೆ. ಬೇಸಿಗೆಯ ಬಿಸಿನೀರಿನಲ್ಲಿ ಆಮ್ಲಜನಕ ಇನ್ನೂ ಕಮ್ಮಿ ಕರಗುತ್ತದೆ. ನಮ್ಮ ಮನೆ ಮಾತಿನಲ್ಲಿ ಹೇಳಬೇಕೆಂದರೆ, ಮೀನಿಗೆ ದಮ್ ಕಟ್ಟುತ್ತದೆ.

ಆದರೆ ಎಲ್ಲ ಮೀನಿಗೂ ಅಲ್ಲ. ಆಫ್ರಿಕಾದಿಂದ ಬಂದ ಕ್ಯಾಟ್‌ಫಿಶ್ ನೀರಿನ ಮೇಲೆ ಬಾಯಿ ತೆರೆದು ಗಾಳಿಯನ್ನೇ ಎಳೆದುಕೊಳ್ಳಬಲ್ಲದು. ತಿಲಾಪಿಯಾ ಕೂಡ ಕೆಟ್ಟ ನೀರು ತಡೆದುಕೊಂಡು ಬೇಗ ಮರಿ ಮಾಡುತ್ತದೆ. ಮಹಶೀರ್‌ಗೆ ಇದು ಆಗದು. ಅದಕ್ಕೆ ಹರಿಯುವ ನೀರು ಬೇಕು, ಮೊಟ್ಟೆ ಇಡಲು ಕೆಸರಿಲ್ಲದ ಕಲ್ಲು ಬೇಕು.

1839ರಲ್ಲಿ ಕರ್ನಲ್ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ದಖ್ಖನಿನ ಮೀನುಗಳನ್ನು ವಿವರಿಸಿದಾಗ ಒಂದು ಮಹಶೀರ್‌ಗೆ 'ಖುದ್ರೀ' ಎಂದು ಹೆಸರಿಟ್ಟ. ಆ ಮೀನು ಸಿಕ್ಕಿದ್ದು ಪುಣೆಯ ಪೂರ್ವಕ್ಕೆ ಇದೇ ಮುಳಾ-ಮುಠಾದಲ್ಲಿ! ಜಗತ್ತಿನ ವಿಜ್ಞಾನ ಪುಸ್ತಕಗಳಲ್ಲಿ ಇಂದಿಗೂ ಅದು 'ಟಾರ್ ಖುದ್ರೀ'. ಈಗ ಅದರ ಮರಿಗಳನ್ನು ಲೋಣಾವಳದ ಟಾಟಾ ಪವರ್ ಕೇಂದ್ರದಲ್ಲಿ ಸಾಕಿ ಬೆಳೆಸುತ್ತಾರೆ.

ಹಾಗಾಗಿ ಆ ಹುಡುಗನಿಗೆ ಹೇಳಿದೆ: "ಮೀನು ಇದೆಯಾ ಅಂತ ಕೇಳಬೇಡ ಬೇಟಾ, ಎಷ್ಟು ಬಗೆ ಇದೆ, ಯಾವುದು ಹೋಯ್ತು ಅಂತ ಕೇಳು." ಒಂದೇ ಬಗೆಯ ಮೀನು ರಾಶಿರಾಶಿ ಸಿಕ್ಕರೆ ಅದು ಹೊಳೆಯ ಆರೋಗ್ಯವಲ್ಲ, ಕಾಯಿಲೆಯ ಲಕ್ಷಣ.

ಇದು ಪುಣೆಯವರ ತಲೆನೋವು, ನಮಗೇನು ಅಂತೀರಾ? ಈ ನೀರು ಭೀಮೆಗೆ ಸೇರುತ್ತದೆ, ಉಜನಿ ಜಲಾಶಯ ದಾಟುತ್ತದೆ, ಆಮೇಲೆ ನಮ್ಮ ಅಫಜಲಪುರ, ಗಾಣಗಾಪುರಗಳ ದಡ ಮುಟ್ಟಿ ರಾಯಚೂರಿನ ಬಳಿ ಕೃಷ್ಣೆಗೆ ಹೋಗುತ್ತದೆ. ಇಲ್ಲಿ ನಾವು ಮೋರಿಗೆ ಬಿಟ್ಟದ್ದು ಅಲ್ಲಿ ಯಾರದೋ ಬಲೆಯಡಿ, ಹೊಲದಡಿ ಹರಿಯುತ್ತದೆ. ಮುಂದಿನ ಸಲ ಸೇತುವೆ ದಾಟುವಾಗ ಒಂದು ನಿಮಿಷ ನಿಂತು ನೋಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.