ಗಂಟಲಲ್ಲಿ ನಿಂತರೆ ವಿಷವೂ ಭೂಷಣ

ಪತ್ತೇದಾರಿ ಕಾದಂಬರಿ ಓದುವ ಹುಡುಗ ಕೆಡುತ್ತಾನೆಂಬುದು ನಮ್ಮ ಹಿರಿಯರ ಸಿದ್ಧಾಂತವಾಗಿತ್ತು. ವಿಡಿಯೊ ಆಟವಾಡುವ ಹುಡುಗ ಕೆಡುತ್ತಾನೆಂಬುದು ಇಂದು ನಮ್ಮ ಸಿದ್ಧಾಂತ. ಕಾಲ ಬದಲಾದರೂ ಬೈಗುಳ ಬದಲಾಗಿಲ್ಲ: “ಅದು ವಿಷ!”

ವಿಷದ ಮಾತು ಬಂದ ಮೇಲೆ ನಂಜುಂಡನ ಊರಿಗೆ ಹೋಗದೆ ವಿಧಿಯಿಲ್ಲ. ಹನ್ನೆರಡು ವರ್ಷದ ಮೊಮ್ಮಗನೊಡನೆ ನಂಜನಗೂಡಿಗೆ ಹೋಗಿದ್ದೆ. ಶ್ರೀಕಂಠೇಶ್ವರನ ಏಳು ನೆಲೆಯ ಗೋಪುರವನ್ನು ಕಂಡು ಅವನು ಕೇಳಿದ್ದು ಒಂದೇ ಪ್ರಶ್ನೆ: “ತಾತಾ, ಏಳನೆಯ ಲೆವೆಲಿನಲ್ಲಿ ಯಾವ ರಾಕ್ಷಸನಿದ್ದಾನೆ?”

ಗದರಿಸಲು ಬಾಯಿ ತೆರೆದವನು ಸುಮ್ಮನಾದೆ. ಆ ಗೋಪುರ 1845ರಲ್ಲಿ ಎದ್ದದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಆ ಮಹಾಸ್ವಾಮಿಯವರೂ ಆಟದ ಹುಚ್ಚಿನವರೇ! ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯನ್ನು ಆಟಗಳಿಗೆಂದೇ ಮೀಸಲಿಟ್ಟರು. ಚದುರಂಗದ ಕುದುರೆ ಯಾವ ಮನೆಯನ್ನೂ ಎರಡು ಸಲ ಮೆಟ್ಟದೆ 64 ಮನೆಗಳನ್ನೂ ಸುತ್ತಿಬರುವ ಲೆಕ್ಕವನ್ನು ಬಿಡಿಸಿದರು. ಇಂದು ಇದ್ದಿದ್ದರೆ ಅವರು ಯಾರ ಪಕ್ಷ ವಹಿಸುತ್ತಿದ್ದರೆಂಬುದು ಸ್ಪಷ್ಟ.

ನಂಜನಗೂಡಿನ ಕಪಿಲೆ ಕಾವೇರಿಯನ್ನು ಸೇರುವುದು ತಿರುಮಕೂಡಲು ನರಸೀಪುರದಲ್ಲಿ. ನಾವೂ ಅತ್ತಲೇ ಬಸ್ಸು ಹಿಡಿದೆವು. ಆ ತಾಲ್ಲೂಕಿನಲ್ಲೇ ಇರುವ ತಲಕಾಡು ನನ್ನ ಪಕ್ಷದ ಸಾಕ್ಷಿ. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ವಶವಾಯಿತು. ಒಡವೆಗಾಗಿ ಭಟರು ಅಲಮೇಲಮ್ಮನನ್ನು ಬೆನ್ನಟ್ಟಿದರು ಎಂದು ಕಥೆ. ಒಡವೆ, ಓಟ, ಮಡು, ಶಾಪ, ಮರಳಿನಡಿಯಲ್ಲಿ ಹೂತ ದೇವಾಲಯಗಳು! 500ಕ್ಕೂ ಹೆಚ್ಚು ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನೂ ಇಲ್ಲಿ ಒಂದು ಕ್ಷಣ ಬೆವರೊರೆಸಿಕೊಳ್ಳುತ್ತಿದ್ದನು.

ಅಲಮೇಲಮ್ಮ ಮಡುವಿನ ಅಂಚಿಗೆ ಬಂದೊಡನೆ ನಾನು ಕಥೆ ನಿಲ್ಲಿಸಿದೆ. “ಉಳಿದದ್ದು ನಾಳೆ.”

“ಅನ್ಯಾಯ! ನಮ್ಮ ಆಟದಲ್ಲಿ ಮುಂದಿನ ಲೆವೆಲ್ ಕೂಡಲೇ ಬರುತ್ತದೆ,” ಎಂದನು.

ಮರ್ಮ ಹೊಳೆದದ್ದು ಆಗ. ನಮ್ಮನ್ನು ಕಾಪಾಡಿದ್ದು ನಮ್ಮ ಸದ್ಗುಣವಲ್ಲ. ‘ಮುಂದಿನ ವಾರಕ್ಕೆ’ ಎಂಬ ಒಂದು ಸಾಲು. ಕೊಲೆಗಾರನಾರೆಂದು ತಿಳಿಯಲು ಏಳು ದಿನ ಕಾಯಬೇಕಾಗಿತ್ತು. ಆ ಏಳು ದಿನಗಳಲ್ಲಿ ಪಾಠ ಓದಿದೆವು, ನೀರು ಸೇದಿದೆವು, ಅಕ್ಕನೊಡನೆ ಪಂದ್ಯ ಕಟ್ಟಿ ಸೋತೆವು. ಚೌಕಾಬಾರದಲ್ಲಿಯೂ ಕಾಯಿಗಳು ನಡುಮನೆ ಸೇರಿದರೆ ಆಟ ಮುಗಿಯಿತು, ಊಟಕ್ಕೆ ಏಳಬೇಕು. ಆದರೆ 1984ರಲ್ಲಿ ಹುಟ್ಟಿದ ಟೆಟ್ರಿಸ್ ಆಟವನ್ನು ನೋಡಿ: ಇಟ್ಟಿಗೆಗಳು ಬೀಳುತ್ತಲೇ ಇರುತ್ತವೆ, ಮನೆ ಎಂದೂ ಮುಗಿಯದು.

ವಿಷವನ್ನು ಕುಡಿದವನೇ ನಂಜುಂಡನಾದನು. ಅದು ಕಂಠದಲ್ಲಿ ನಿಂತುದರಿಂದ ಶ್ರೀಕಂಠನೂ ಆದನು. ನಿಲ್ಲಿಸಲು ಪಾರ್ವತಿಯ ಕೈ ಬೇಕಾಯಿತೆಂದು ಹೇಳುತ್ತಾರೆ. ಮನೆಯ ಹಿರಿಯರು ಮಾಡಬೇಕಾದ ಕೆಲಸವೂ ಅಷ್ಟೇ. ಬಟ್ಟಲು ಕಸಿಯುವುದಲ್ಲ, ಪಕ್ಕದಲ್ಲಿ ಕುಳಿತು, ಮೆಲ್ಲನೆ, ಗಂಟಲ ಮೇಲೆ ಕೈಯಿಡುವುದು.

ನರಸೀಪುರದ ಗುಂಜಾನರಸಿಂಹನ ಸನ್ನಿಧಿ ಕಾಶಿಗಿಂತ ಒಂದು ಗುಲಗಂಜಿಯಷ್ಟು ತೂಕ ಹೆಚ್ಚೆಂದು ಪ್ರತೀತಿ. ಆಟಕ್ಕಿಂತ ಕಥೆಯೂ ಅಷ್ಟೇ ಹೆಚ್ಚೆಂದು ನಾನು ವಾದಿಸಿದೆ. ಮೊಮ್ಮಗ ಒಪ್ಪಲಿಲ್ಲ.

ಮರುದಿನ ಬೆಳಗ್ಗೆ ಕಣ್ಣು ಬಿಟ್ಟವನೇ, “ಅಲಮೇಲಮ್ಮ ಏನಾದಳು?” ಎಂದು ಕೇಳಿದನು. ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದನೆಂಬುದನ್ನು ಓದುಗರಿಂದ ಮುಚ್ಚಿಡುವುದಿಲ್ಲ. ಆದರೂ ಗುಲಗಂಜಿ ನನ್ನ ತಟ್ಟೆಯಲ್ಲೇ ಇತ್ತು.