ಒಂದೇ ಒಲೆಯ ಅನ್ನ, ಬೇರೆ ಬೇರೆ ಗುಣ

ಒಂದೇ ತಾಯಿಯ ಮಕ್ಕಳು. ಒಂದೇ ಸೂರಿನಡಿ ಬೆಳೆದವರು. ಒಂದೇ ಒಲೆಯ ಅನ್ನ ಉಂಡವರು. ಆದರೂ ಒಬ್ಬರಂತೆ ಇನ್ನೊಬ್ಬರಿಲ್ಲ. ನೆಂಟರು ಬಂದರೆ ದೊಡ್ಡವನು ಬಾಗಿಲ ಹಿಂದೆ ಅಡಗುತ್ತಾನೆ. ಚಿಕ್ಕವಳು ಬಂದವರ ಚೀಲಕ್ಕೇ ಕೈ ಹಾಕುತ್ತಾಳೆ. ಅವನಿಗೆ ಬಿದ್ದ ಪೆಟ್ಟು ಸಂಜೆಯವರೆಗೂ ನೆನಪಿರುತ್ತದೆ; ಇವಳು ಕಣ್ಣೊರೆಸಿಕೊಳ್ಳುವ ಮೊದಲೇ ನಗುತ್ತಾಳೆ. "ಇವೆರಡೂ ಒಂದೇ ಹೊಟ್ಟೆಗ್ ಹುಟ್ಟಿದ್ ಹೌದಾ?" ಎಂದು ಅಜ್ಜಿ ಬೆರಗಾಗದ ಮನೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಸಿಗಲಿಕ್ಕಿಲ್ಲ. "ಕೈಯ ಐದ್ ಬೆರಳೂ ಒಂದೇ ಸಮ ಇತ್ತಾ?" ಎಂದು ಸಮಾಧಾನ ಹೇಳುವವರೂ ಅವರೇ. ಮಾತು ಸರಿಯೇ. ಆದರೆ ಬೆರಳುಗಳೇಕೆ ಸಮವಾಗಿಲ್ಲ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಈ ಪ್ರಶ್ನೆ ಹೊಸತೇನೂ ಅಲ್ಲ. ರಾವಣ, ಕುಂಭಕರ್ಣ, ವಿಭೀಷಣ ಮೂವರೂ ಕೈಕಸೆಯ ಮಕ್ಕಳು. ರಾತ್ರಿಯಿಡೀ ಆಟ ನೋಡಿ ಬೆಳೆದ ನಮ್ಮ ಕರಾವಳಿಯವರಿಗೆ ಈ ಮೂವರನ್ನು ಬೇರೆ ಮಾಡಿ ತೋರಿಸಬೇಕಾಗಿಲ್ಲ. ವಿಭೀಷಣ ಬಾಯಿ ತೆರೆದರೆ ಮಾತಿನ ಧಾಟಿಯೇ ಬೇರೆ. ಅಣ್ಣನ ತಪ್ಪನ್ನು ತಿಳಿದೂ ಅವನಿಗಾಗಿ ಹೋರಾಡಿ ಸಾಯುವ ಕುಂಭಕರ್ಣ ಒಂದು ದಾರಿಯಾದರೆ, ಅಣ್ಣನನ್ನೇ ಬಿಟ್ಟು ಹೊರಡುವ ವಿಭೀಷಣ ಇನ್ನೊಂದು ದಾರಿ. ಪುರಾಣ ಇದನ್ನು ಶಾಪ, ವರಗಳಿಂದ ವಿವರಿಸಿತು. ನಮ್ಮ ಕಾಲದ ಮನಶ್ಶಾಸ್ತ್ರ ಮಕ್ಕಳನ್ನು ವರ್ಷಗಟ್ಟಲೆ ಕುಳಿತು ನೋಡಿ ಬೇರೆಯೇ ಕೆಲವು ಸಂಗತಿಗಳನ್ನು ಹೇಳಿದೆ.

ಮೊದಲನೆಯದು, ಮಗು ಬರಿಯ ಸ್ಲೇಟಿನಂತೆ ಹುಟ್ಟುವುದಿಲ್ಲ ಎಂಬುದು. ವಿಜಯದಶಮಿಯ ದಿನ ಕೊಲ್ಲೂರಿನಲ್ಲಿ ವಿದ್ಯಾರಂಭಕ್ಕೆ ಬಂದ ಮಕ್ಕಳನ್ನು ಗಮನಿಸಿದರೆ ಇದು ತಿಳಿಯುತ್ತದೆ. ಹರಿವಾಣದ ಅಕ್ಕಿ ಒಂದೇ, ಬರೆಸುವ ಅಕ್ಷರವೂ ಒಂದೇ. ಆದರೆ ಒಂದು ಮಗು ಬೆರಳು ಕೊಟ್ಟು ಸುಮ್ಮನೆ ಕುಳಿತರೆ, ಇನ್ನೊಂದು ಕಿರುಚಿ ತಾಯಿಯ ಸೆರಗಿಗೆ ಜೋತುಬೀಳುತ್ತದೆ, ಮತ್ತೊಂದು ಅಕ್ಕಿಯನ್ನೇ ಮುಷ್ಟಿ ತುಂಬ ಎತ್ತಿ ಚೆಲ್ಲುತ್ತದೆ. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ವೈದ್ಯ ದಂಪತಿಗಳು 1956ರಲ್ಲಿ ನ್ಯೂಯಾರ್ಕಿನಲ್ಲಿ ನೂರಕ್ಕೂ ಮಿಕ್ಕಿದ ಶಿಶುಗಳನ್ನು ಆರಿಸಿಕೊಂಡು, ಅವರು ದೊಡ್ಡವರಾಗುವವರೆಗೂ ಅನುಸರಿಸಿದರು. ಹಸಿವು ನಿದ್ದೆಗಳ ಕ್ರಮ, ಹೊಸತನ್ನು ಎದುರಿಸುವ ರೀತಿ, ಅಳುವಿನ ಜೋರು, ಹಟ, ಗಮನ ಹೀಗೆ ಒಂಬತ್ತು ಲಕ್ಷಣಗಳನ್ನು ಅವರು ಬರೆದಿಟ್ಟರು. ಸುಮಾರು 40 ಶೇಕಡಾ ಮಕ್ಕಳು ಸುಲಭವಾಗಿ ಹೊಂದಿಕೊಳ್ಳುವವರು. 10 ಶೇಕಡಾ ಸಂಭಾಳಿಸಲು ಕಷ್ಟವಾದವರು. 15 ಶೇಕಡಾ ಮೊದಲು ಹಿಂಜರಿದು ನಿಧಾನವಾಗಿ ಬೆರೆಯುವವರು. ಉಳಿದವರು ಯಾವ ಗುಂಪಿಗೂ ಪೂರ್ತಿಯಾಗಿ ಸೇರದವರು. ಈ ವ್ಯತ್ಯಾಸಗಳು ತಾಯಿಯ ತಪ್ಪಿನಿಂದ ಬಂದವಲ್ಲ, ಎಳೆತನದಲ್ಲಿಯೇ ಕಾಣುವಂಥವು ಎಂಬುದು ಅವರ ಮುಖ್ಯ ಮಾತು. ಮಗು ಹೇಗೆ ಬೆಳೆದೀತು ಎಂಬುದು ಅದರ ಸ್ವಭಾವವೊಂದರಿಂದಲೇ ತೀರ್ಮಾನವಾಗುವುದಿಲ್ಲ, ಸ್ವಭಾವಕ್ಕೂ ಮನೆಯವರ ನಿರೀಕ್ಷೆಗೂ ಎಷ್ಟರ ಮಟ್ಟಿಗೆ ಹೊಂದಿಕೆಯಿದೆ ಎಂಬುದೇ ಮುಖ್ಯ ಎಂದೂ ಅವರು ಹೇಳಿದರು.

ಎರಡನೆಯ ಸಂಗತಿ ಇನ್ನೂ ಕುತೂಹಲಕರವಾದದ್ದು. ಒಂದೇ ಮನೆಯಲ್ಲಿ ಬೆಳೆದವರು ಒಂದೇ ರೀತಿ ಆಗಬೇಕಲ್ಲವೆ ಎಂದು ನಾವು ಕೇಳುತ್ತೇವೆ. ಆದರೆ ಅದು ಎಲ್ಲ ಮಕ್ಕಳಿಗೂ 'ಒಂದೇ ಮನೆ' ಹೌದೇ? 1987ರಲ್ಲಿ ರಾಬರ್ಟ್ ಪ್ಲೋಮಿನ್ ಮತ್ತು ಡೆನಿಸ್ ಡೇನಿಯಲ್ಸ್ ಎಂಬ ಸಂಶೋಧಕರು ಒಂದೇ ಕುಟುಂಬದ ಮಕ್ಕಳು ಇಷ್ಟು ಬೇರೆಯಾಗಿರುವುದೇಕೆ ಎಂದು ಕೇಳಿ, ಅದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒಡಹುಟ್ಟಿದವರಲ್ಲಿ ಕಾಣುವ ಹೋಲಿಕೆಗೆ ಬಹುಮಟ್ಟಿಗೆ ಕಾರಣ ರಕ್ತದಿಂದ ಬಂದದ್ದು; ಒಟ್ಟಿಗೆ ಬೆಳೆದದ್ದರಿಂದ ಸ್ವಭಾವಗಳು ಅಷ್ಟೇನೂ ಹತ್ತಿರವಾಗುವುದಿಲ್ಲ; ಪರಿಸರದ ಪ್ರಭಾವ ಹೆಚ್ಚಾಗಿ ಪ್ರತಿಯೊಂದು ಮಗುವಿಗೂ ಬೇರೆ ಬೇರೆಯಾಗಿ ತಟ್ಟುತ್ತದೆ ಎಂಬುದು ಅವರು ಕಂಡುಕೊಂಡ ಉತ್ತರ. ಹಿರಿಯ ಮಗು ಕಾಣುವುದು ಅನುಭವವಿಲ್ಲದ, ಎಲ್ಲಕ್ಕೂ ಹೆದರುವ ತಂದೆ ತಾಯಿಯರನ್ನು. ಕಿರಿಯ ಮಗು ಕಾಣುವುದು ಅದೇ ಇಬ್ಬರನ್ನು, ಆದರೆ ಮೂರು ಮಕ್ಕಳ ಜ್ವರ ಕೆಮ್ಮು ಕಂಡು ಹದವಾದ ಮೇಲೆ. ಒಬ್ಬನ ಬಾಲ್ಯದಲ್ಲಿ ಅಜ್ಜ ಇದ್ದರು, ಇನ್ನೊಬ್ಬನ ಬಾಲ್ಯದಲ್ಲಿ ಅಜ್ಜನ ಪಟ ಇತ್ತು. ಒಬ್ಬಳು ಚಿಮಿಣಿ ದೀಪದಲ್ಲಿ ಓದಿದಳು, ಅವಳ ತಂಗಿ ಟಿ.ವಿ. ಮುಂದೆ. ಅಪ್ಪ ಮುಂಬಯಿಯ ಹೋಟೆಲಿನಲ್ಲಿದ್ದಾಗ ಬೆಳೆದ ಮಗನಿಗೂ, ಅಪ್ಪ ಊರಿಗೆ ಮರಳಿದ ಮೇಲೆ ಬೆಳೆದ ಮಗನಿಗೂ ಮನೆಯ ಗೋಡೆಗಳು ಮಾತ್ರ ಸಮಾನ.

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಈಗ ಬ್ರಹ್ಮಾವರ ತಾಲೂಕಿಗೆ ಸೇರಿರುವ ಕೋಟದಲ್ಲಿ ಶೇಷ ಕಾರಂತ, ಲಕ್ಷ್ಮಮ್ಮ ದಂಪತಿಗಳ ಮನೆಯಿತ್ತು. ಅವರ ಮಗ ರಾಮಕೃಷ್ಣ ಕಾರಂತರು ಹುಟ್ಟಿದ್ದು 1894ರಲ್ಲಿ. ಶಿವರಾಮ ಕಾರಂತರು 1902ರಲ್ಲಿ. ನಡುವೆ ಎಂಟು ವರ್ಷ. 1920ರಲ್ಲಿ ಗಾಂಧೀಜಿಯವರ ಅಸಹಕಾರದ ಕರೆ ಬಂದಾಗ ಅಣ್ಣನಿಗೆ 26, ತಮ್ಮನಿಗೆ 18ರ ಆಸುಪಾಸು. ಗಾಳಿ ಒಂದೇ, ತಾಗಿದ ವಯಸ್ಸು ಬೇರೆ. ತಮ್ಮ ಕಾಲೇಜನ್ನೇ ಬಿಟ್ಟು ಖಾದಿ ಪ್ರಚಾರಕ್ಕೆ ಹೊರಟರು. ಅಲ್ಲಿಂದ ಮುಂದೆ ಪತ್ರಿಕೆ, ನಾಟಕ, ಕಾದಂಬರಿ, ಯಕ್ಷಗಾನ, ವಿಜ್ಞಾನ ಎಂದು ಒಂದು ಕಡೆ ನಿಲ್ಲದ ದಾರಿ ಹಿಡಿದರು. ಅಣ್ಣ ವಕೀಲರಾಗಿ, ರಾಜಕಾರಣಿಯಾಗಿ, 1940ರ ದಶಕದ ಉತ್ತರಾರ್ಧದಲ್ಲಿ ಮದ್ರಾಸ್ ಸರಕಾರದ ಮಂತ್ರಿಯಾದರು. ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಬೇಕೆಂಬ ಹೋರಾಟದಲ್ಲಿ ಮುಂದಾಳಾಗಿ ನಿಂತರು. ಇಬ್ಬರೂ ನಾಡಿನ ಕೆಲಸವನ್ನೇ ಮಾಡಿದವರು. ಆದರೆ ಒಬ್ಬರ ದಾರಿಯಲ್ಲಿ ಇನ್ನೊಬ್ಬರನ್ನು ಕಲ್ಪಿಸಿಕೊಳ್ಳುವುದು ಕಷ್ಟ.

ಮುಂದಿನ ತಲೆಮಾರಿನಲ್ಲಿಯೂ ಇದೇ ಕಾಣುತ್ತದೆ. ಶಿವರಾಮ ಕಾರಂತರು 1936ರಲ್ಲಿ ಲೀಲಾ ಆಳ್ವರನ್ನು ಮದುವೆಯಾದರು. ಅವರ ಮಕ್ಕಳು ಬೆಳೆದದ್ದು ಪುತ್ತೂರಿನ ಬಾಲವನದಲ್ಲಿ. ಮಕ್ಕಳ ಶಿಕ್ಷಣದ ಬಗ್ಗೆ ಕಾರಂತರು ಪ್ರಯೋಗಗಳನ್ನು ನಡೆಸಿದ ಸ್ಥಳವದು. ಆ ಮಕ್ಕಳಲ್ಲಿ ಮಾಳವಿಕಾ ಕಪೂರ್ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನಸ್ಸಿನ ತಜ್ಞೆಯಾದರು. ಉಲ್ಲಾಸ ಕಾರಂತರು ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿದರೂ ನಾಗರಹೊಳೆಯ ಕಾಡಿನಲ್ಲಿ ಹುಲಿಗಳ ಬೆನ್ನು ಹತ್ತಿದರು. ಇವರಿಬ್ಬರೂ ತಂಗಿ ಕ್ಷಮಾ ಅವರೂ ಸೇರಿ 2021ರಲ್ಲಿ 'ಗ್ರೋಯಿಂಗ್ ಅಪ್ ಕಾರಂತ್' ಎಂಬ ಪುಸ್ತಕವನ್ನು ಇಂಗ್ಲಿಷಿನಲ್ಲಿ ಹೊರತಂದರು. ಒಂದೇ ತಂದೆ ತಾಯಿಯರನ್ನು ಕುರಿತು ಮೂವರು ಮಕ್ಕಳು ತಮ್ಮ ತಮ್ಮ ನೆನಪುಗಳನ್ನು ಬರೆಯಬೇಕಾಯಿತು ಎಂಬುದೇ ಗಮನಿಸತಕ್ಕ ವಿಷಯ. ಒಬ್ಬರ ನೆನಪು ಮೂವರಿಗೂ ಸಾಲುವುದಿಲ್ಲ.

ಇಲ್ಲೊಂದು ಪ್ರಶ್ನೆ ಏಳಬಹುದು. ಹಾಗಾದರೆ ಹಿರಿಯನೆಂದರೆ ಜವಾಬ್ದಾರಿಯವನು, ಕಿರಿಯನೆಂದರೆ ಮುದ್ದಿನಿಂದ ಕೆಟ್ಟವನು, ನಡುವಿನವನು ಯಾರಿಗೂ ಬೇಡವಾದವನು ಎಂಬ ನಂಬಿಕೆ ಸರಿಯೆ? ವಿಯೆನ್ನಾದ ಆಲ್ಫ್ರೆಡ್ ಆಡ್ಲರ್ ಹುಟ್ಟಿದ ಕ್ರಮವೇ ವ್ಯಕ್ತಿತ್ವವನ್ನು ತಿದ್ದುತ್ತದೆಂದು ಕಳೆದ ಶತಮಾನದ ಆರಂಭದಲ್ಲಿ ಹೇಳಿದ್ದರು. ನಮ್ಮ ಭಾಷೆಯೂ ಹಾಗೆಯೇ ಯೋಚಿಸುತ್ತದೆ. ಅಣ್ಣ, ತಮ್ಮ, ಅಕ್ಕ, ತಂಗಿ ಎಂಬ ನಾಲ್ಕೂ ಪದಗಳಲ್ಲಿ ವಯಸ್ಸು ಅಡಗಿದೆ; ಯಾರು ಮೊದಲು ಹುಟ್ಟಿದರೆಂದು ಹೇಳದೆ ಕನ್ನಡದಲ್ಲಿ ಒಡಹುಟ್ಟಿದವರನ್ನು ಕರೆಯುವುದೇ ಕಷ್ಟ. ಆದರೆ 2015ರಲ್ಲಿ ಅಮೆರಿಕ, ಬ್ರಿಟನ್, ಜರ್ಮನಿಗಳ 20,000ಕ್ಕೂ ಹೆಚ್ಚು ಜನರನ್ನು ಕುರಿತು ಪ್ರಕಟವಾದ ಅಧ್ಯಯನ ಈ ನಂಬಿಕೆಯನ್ನು ಅಲ್ಲಾಡಿಸಿತು. ಹಿರಿಯರಿಗೆ ಬುದ್ಧಿಪರೀಕ್ಷೆಗಳಲ್ಲಿ ಕೂದಲೆಳೆಯಷ್ಟು ಹೆಚ್ಚು ಅಂಕ ಸಿಕ್ಕೀತು, ಅಷ್ಟೆ. ಬೆರೆಯುವ ಗುಣ, ಸಹನೆ, ಶಿಸ್ತು, ಮನಸ್ಸಿನ ಸ್ಥಿರತೆ ಇವುಗಳ ಮೇಲೆ ಹುಟ್ಟಿದ ಕ್ರಮದ ಗುರುತೇ ಕಾಣಲಿಲ್ಲ. ಎಂದರೆ, 'ಅಣ್ಣ' ಎಂಬುದು ಮನೆಯಲ್ಲಿ ಕಟ್ಟಿಕೊಂಡ ಒಂದು ವೇಷ. ತಂಗಿಯ ಮುಂದೆ ಗಂಭೀರವಾಗಿರುವ ಅದೇ ಅಣ್ಣ ಶಾಲೆಯ ಮೈದಾನದಲ್ಲಿ ಎಲ್ಲರಿಗಿಂತ ತುಂಟನಾಗಿರಬಹುದು. ವೇಷವನ್ನೇ ಸ್ವಭಾವವೆಂದು ತಿಳಿಯುವುದು ನೋಡುವವರ ಅವಸರ.

ಇನ್ನು ಮಕ್ಕಳೇ ಒಬ್ಬರನ್ನೊಬ್ಬರು ರೂಪಿಸುವ ಬಗೆಯನ್ನು ನೋಡೋಣ. 1980ರ ಸುಮಾರಿಗೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೂಡಿ ಡನ್ ಎಂಬವರು ಮನೆಮನೆಗೆ ಹೋಗಿ ಕುಳಿತು ಎಳೆಯ ಅಣ್ಣ ತಮ್ಮಂದಿರ, ಅಕ್ಕ ತಂಗಿಯರ ದಿನಚರಿಯನ್ನು ಬರೆದುಕೊಂಡರು. ಎರಡು ವರ್ಷ ತುಂಬುವ ಮೊದಲೇ ಮಗುವಿಗೆ ಅಣ್ಣನನ್ನು ಯಾವ ಆಟಿಗೆ ಅಡಗಿಸಿಟ್ಟು ಅಳಿಸಬಹುದು, ಅಳುವ ಅಕ್ಕನನ್ನು ಹೇಗೆ ಸಮಾಧಾನಪಡಿಸಬಹುದು ಎಂಬುದು ಗೊತ್ತಿರುತ್ತದೆ ಎಂದು ಅವರು ಕಂಡರು. ಇನ್ನೊಂದು ಪರೀಕ್ಷೆಯೂ ಪ್ರಸಿದ್ಧವಾಗಿದೆ. ಮಾಣಿಯೊಬ್ಬ ಬೆಲ್ಲದ ತುಂಡನ್ನು ಡಬ್ಬಿಯಲ್ಲಿಟ್ಟು ಹೊರಗೆ ಹೋದ. ಅಷ್ಟರಲ್ಲಿ ಅಮ್ಮ ಅದನ್ನು ಕಪಾಟಿಗೆ ಸಾಗಿಸಿದಳು. ಮರಳಿ ಬಂದ ಮಾಣಿ ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಗು 'ಕಪಾಟಿನಲ್ಲಿ' ಎನ್ನುತ್ತದೆ, ತನಗೆ ಗೊತ್ತಿರುವುದು ಅವನಿಗೂ ಗೊತ್ತು ಎಂದು ಅದರ ಲೆಕ್ಕ. ನಾಲ್ಕರ ಹೊತ್ತಿಗೆ 'ಡಬ್ಬಿಯಲ್ಲಿ' ಎನ್ನತೊಡಗುತ್ತದೆ. ಒಡಹುಟ್ಟಿದವರಿರುವ ಮಕ್ಕಳು ಈ ಉತ್ತರಕ್ಕೆ ಬೇಗ ತಲುಪುತ್ತಾರೆಂದು 1994ರ ಒಂದು ಅಧ್ಯಯನ ತೋರಿಸಿತು. ಜಗಳ, ರಾಜಿ, ಚಾಡಿ, ಪಾಲು ಇವೆಲ್ಲ ಇನ್ನೊಬ್ಬರ ಮನಸ್ಸನ್ನು ಓದುವ ಮೊದಲ ಪಾಠಗಳು.

ಹತ್ತಿರ ಇರುವವರೇ ಬೇರೆಯಾಗಿ ಕಾಣಬೇಕೆಂದು ಬಯಸುವುದೂ ಉಂಟು. ಬ್ರಹ್ಮಾವರದ ಆಸುಪಾಸಿನ ಹಾರಾಡಿ, ಮಟಪಾಡಿ ಎರಡೂ ಬಡಗುತಿಟ್ಟಿನ ಮನೆಗಳೇ; ಆದರೂ ಹಾರಾಡಿ ತಿಟ್ಟು, ಮಟಪಾಡಿ ತಿಟ್ಟು ಎಂದು ಎರಡು ಶೈಲಿಗಳು ಹೆಸರಾದವು. ಮಕ್ಕಳಲ್ಲಿಯೂ ಹೀಗೆಯೇ. ಅಕ್ಕ ಓದಿನಲ್ಲಿ ಮುಂದಿದ್ದರೆ ತಂಗಿ ಆ ಅಂಗಳವನ್ನು ಅವಳಿಗೆ ಬಿಟ್ಟು, ಹಾಡಿನಲ್ಲೋ ಓಟದಲ್ಲೋ ತನ್ನ ಜಾಗ ಹುಡುಕುತ್ತಾಳೆ. ತನ್ನದೇ ಜಾಗ ಸಿಕ್ಕಿದ ಮಗುವಿಗೆ ಹೊಟ್ಟೆಕಿಚ್ಚು ಕಡಿಮೆ. ಆದರೆ ಅಕ್ಕನಷ್ಟೇ ಓದಬಲ್ಲ ತಂಗಿಯೂ 'ಓದು ನನ್ನದಲ್ಲ' ಎಂದು ಆರಕ್ಕೋ ಏಳಕ್ಕೋ ತೀರ್ಮಾನಿಸಿಬಿಟ್ಟರೆ ಅದು ನಷ್ಟವೇ.

ಈ ನಷ್ಟದ ಭಯ ಇಂದು ಹೆಚ್ಚು. ಕಾರಣ, ನಮ್ಮ ಮನೆಗಳು ಚಿಕ್ಕವಾಗಿವೆ. ಹಿಂದೆ ಬಂಟರ, ಮೊಗವೀರರ, ಬಿಲ್ಲವರ ಅಳಿಯಸಂತಾನದ ಕುಟುಂಬಗಳಲ್ಲಿ ತಾಯಿಯ ಕಡೆಯವರೆಲ್ಲ ಒಂದೇ ಮನೆಯ ಲೆಕ್ಕ. ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳು ಅಣ್ಣ ತಮ್ಮಂದಿರಾಗಿಯೇ ಬೆಳೆಯುತ್ತಿದ್ದರು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗಳ ನಂತರ ಆ ಕೂಡುಮನೆಗಳು ಪಾಲಾದವು. ಮಕ್ಕಳ ಸಂತಾನದ ಬ್ರಾಹ್ಮಣರ ಮನೆಗಳಲ್ಲಿಯೂ ಆರೇಳು ಮಕ್ಕಳು ಸಾಮಾನ್ಯವಾಗಿದ್ದ ಕಾಲ ಹೋಯಿತು. ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಮಕ್ಕಳ ಸಂಖ್ಯೆ 1992-93ರಲ್ಲಿ ಸುಮಾರು 2.9 ಇದ್ದದ್ದು 2019-21ರ ಸಮೀಕ್ಷೆಯಲ್ಲಿ 1.7ಕ್ಕೆ ಇಳಿದಿದೆ. ದೊಡ್ಡ ಮನೆಯಲ್ಲಿ ಕಷ್ಟಗಳೂ ಇದ್ದವು, ಕಣ್ಣಿಗೆ ಬೀಳದೆ ಬೆಳೆದ ಮಕ್ಕಳೂ ಇದ್ದರು. ಆದರೆ ಅಪ್ಪನಿಗೆ ಒಗ್ಗದ ಮಾಣಿಗೆ ಮಾವನ ಜಗಲಿ ಇತ್ತು. ಅಮ್ಮನಿಗೆ ಒಗ್ಗದ ಹುಡುಗಿಗೆ ಅಜ್ಜಿಯ ಮಡಿಲಿತ್ತು. ಹತ್ತು ಮಕ್ಕಳ ನಡುವೆ ಒಬ್ಬನನ್ನು ಯಾರೊಡನೆ ಹೋಲಿಸುವುದು? ಈಗ ಮನೆಯಲ್ಲಿ ಇಬ್ಬರೇ. ಒಬ್ಬ 'ಚುರುಕು' ಎಂದೊಡನೆ ಇನ್ನೊಬ್ಬ 'ಮಂದ' ಆಗಿಬಿಡುತ್ತಾನೆ. ಒಬ್ಬಳು 'ಪಾಪದವಳು' ಎಂದರೆ ಇನ್ನೊಬ್ಬಳು 'ಜೋರು'. ಎರಡೇ ತಟ್ಟೆಗಳ ತಕ್ಕಡಿ ಒಂದು ಕಡೆ ವಾಲಲೇಬೇಕು.

ಹಾಗಾದರೆ ಹಿರಿಯರು ಮಾಡಬೇಕಾದುದೇನು? ಎಲ್ಲ ಮಕ್ಕಳಿಗೂ ಒಂದೇ ಅಳತೆ ಹಿಡಿಯುವುದೇ ನ್ಯಾಯ ಎಂದು ನಾವು ತಿಳಿದಿದ್ದೇವೆ. ನಿಧಾನವಾಗಿ ಬೆರೆಯುವ ಮಗುವನ್ನು ನೆಂಟರ ಮುಂದೆ ತಳ್ಳಿ 'ತಮ್ಮನನ್ನು ನೋಡಿ ಕಲಿ' ಎಂದರೆ ಅದು ಕಲಿಯುವುದು ತಮ್ಮನನ್ನು ದ್ವೇಷಿಸಲು. ಅದಕ್ಕೆ ಬೇಕಾದುದು ಹತ್ತು ನಿಮಿಷದ ಬಿಡುವು. ಚಟುವಟಿಕೆಯ ಮಗುವಿಗೆ ಬೇಕಾದುದು ಬೈಗುಳಲ್ಲ, ಓಡಲು ಅಂಗಳ. ದಿನಕ್ಕೆ ಸ್ವಲ್ಪ ಹೊತ್ತು ಒಂದೊಂದೇ ಮಗುವಿನ ಜೊತೆ, ಇನ್ನೊಂದರ ಹೆಸರೆತ್ತದೆ ಕಳೆಯುವುದು ಹಣ ಬೇಡದ ಉಪಾಯ. ಮಗುವಿನ ಗುಣವನ್ನು ಹೆಸರಿಸುವ ಬದಲು ಅದು ಆ ದಿನ ಮಾಡಿದ್ದನ್ನು ಹೇಳಿದರೆ ಸಾಕು. 'ಇವ ಹಟಮಾರಿ' ಎಂಬುದು ಅಂಟಿಕೊಳ್ಳುವ ಮಾತು. 'ಇವತ್ತು ನೀನು ಹಟ ಮಾಡಿದೆ' ಎಂಬುದು ನಾಳೆಗೆ ಬಾಗಿಲು ತೆರೆದಿಡುವ ಮಾತು.

ಹುಟ್ಟುತ್ತ ಅಣ್ಣ ತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂಬ ಗಾದೆಯನ್ನು ನಾವು ಆಸ್ತಿಯ ಜಗಳಕ್ಕೆ ಮಾತ್ರ ಹಚ್ಚುತ್ತೇವೆ. ಪಾಲುಪಟ್ಟಿಯ ದಿನ ಗದ್ದೆ, ತೋಟ, ಬಾವಿಯ ಲೆಕ್ಕ ಮುಗಿದ ಮೇಲೂ 'ಸಣ್ಣದಿರುವಾಗಿನಿಂದಲೂ ನಿಮಗೆ ಅವನೇ ಆಗಬೇಕು' ಎಂಬ ಒಂದು ಮಾತು ಹೊರಬೀಳುತ್ತದೆ. ಅದು ನಲವತ್ತು ವರ್ಷ ಹಿಂದಿನ ಅಡುಗೆಮನೆಯ ಮಾತು. ಆಸ್ತಿಯನ್ನು ಪಾಲು ಮಾಡಲು ಕಾನೂನು ಇದೆ. ಮಕ್ಕಳನ್ನು ಅವರವರಾಗಿಯೇ ನೋಡಲು ಇರುವುದು ಅವರು ಚಿಕ್ಕವರಿರುವ ಆ ಕೆಲವೇ ವರ್ಷಗಳು ಮಾತ್ರ.