ಪರಮಾಣು ನೀತಿ: ಸಂಸತ್ತು ಏನನ್ನು ಕೇಳಬಲ್ಲದು?

ಪಾವಗಡ ತಾಲ್ಲೂಕಿನ ನಕಾಶೆಯನ್ನು ತರಗತಿಯಲ್ಲಿ ತೋರಿಸುವ ಶಿಕ್ಷಕರು ಒಂದು ವಿಚಿತ್ರವನ್ನು ಹೇಳಲೇಬೇಕಾಗುತ್ತದೆ. ಆಡಳಿತದ ಲೆಕ್ಕದಲ್ಲಿ ಅದು ತುಮಕೂರು ಜಿಲ್ಲೆಯದು; ಆದರೆ ಜಿಲ್ಲೆಯ ಉಳಿದ ಭಾಗಕ್ಕೆ ಅಂಟಿಕೊಂಡಿಲ್ಲ, ನಡುವೆ ಆಂಧ್ರಪ್ರದೇಶದ ನೆಲವಿದೆ. ಲೋಕಸಭಾ ಚುನಾವಣೆಯಲ್ಲಿ ಇನ್ನೊಂದು ವಿಂಗಡಣೆ. 2008ರ ಕ್ಷೇತ್ರ ಪುನರ್ವಿಂಗಡಣೆಯ ನಂತರ ಮಧುಗಿರಿ ಮತ್ತು ಕೊರಟಗೆರೆ ತುಮಕೂರು ಲೋಕಸಭಾ ಕ್ಷೇತ್ರದಲ್ಲಿವೆ. ಶಿರಾ ಮತ್ತು ಪಾವಗಡ ಚಿತ್ರದುರ್ಗ ಕ್ಷೇತ್ರದಲ್ಲಿವೆ.

ಇದೇ ಚಿತ್ರದುರ್ಗ ಕ್ಷೇತ್ರದಲ್ಲಿ ಚಳ್ಳಕೆರೆಯೂ ಇದೆ. ಅಲ್ಲಿನ ಅಮೃತ ಮಹಲ್ ಕಾವಲುಗಳನ್ನು ಹಲವು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಟ್ಟಾಗ ಉಳ್ಳಾರ್ತಿ ಕಾವಲಿನ 1,810 ಎಕರೆ ಭಾಭಾ ಪರಮಾಣು ಸಂಶೋಧನ ಕೇಂದ್ರದ ಪಾಲಿಗೆ ಬಂತು. ಅಲ್ಲಿಗೆ ಯೋಜಿಸಿದ್ದು ವಿಶೇಷ ಪದಾರ್ಥಗಳ ಸಂವರ್ಧನ ಘಟಕ. ಅಂದರೆ ಯುರೇನಿಯಮನ್ನು ಎನ್‌ರಿಚ್ ಮಾಡುವ ಕಾರ್ಖಾನೆ. ಹೀಗಾಗಿ ಶಿರಾ, ಪಾವಗಡದ ಮತದಾರರು ಆರಿಸಿ ಕಳಿಸುವ ಸದಸ್ಯರ ಕ್ಷೇತ್ರದೊಳಗೇ ಈ ಜಾಗವಿದೆ. ಆ ಸದಸ್ಯರು ಲೋಕಸಭೆಯಲ್ಲಿ ಅದರ ಬಗ್ಗೆ ಏನನ್ನು ಕೇಳಬಹುದು? ಎಷ್ಟಕ್ಕೆ ಉತ್ತರ ಸಿಕ್ಕೀತು?

ಈ ಪ್ರಶ್ನೆಯನ್ನು ಮೊದಲು ಎತ್ತಿದವರಲ್ಲಿ ಒಬ್ಬರು ಕನ್ನಡಿಗರೇ. 1948ರ ಏಪ್ರಿಲ್‌ನಲ್ಲಿ, ಸಂವಿಧಾನ ಸಭೆಯು ಶಾಸನ ಸಭೆಯಾಗಿ ಸೇರಿದ್ದಾಗ, ಪ್ರಧಾನಿ ನೆಹರೂ ಪರಮಾಣು ಶಕ್ತಿ ಮಸೂದೆಯನ್ನು ಮಂಡಿಸಿದರು. ಸಂಶೋಧನೆಯ ಮೇಲೆ ಬಿಗಿಯಾದ ಗೋಪ್ಯತೆಯನ್ನು ಹೇರುವ ಮಸೂದೆ ಅದು. ಮೈಸೂರು ಸಂಸ್ಥಾನದ ಪ್ರತಿನಿಧಿ ಎಸ್.ವಿ. ಕೃಷ್ಣಮೂರ್ತಿ ರಾವ್ ಬೇರೆ ದೇಶಗಳ ಕಾನೂನುಗಳನ್ನು ಓದಿಕೊಂಡೇ ಬಂದಿದ್ದರು. ಬ್ರಿಟನ್ನಿನಲ್ಲಿ ಗೋಪ್ಯತೆ ರಕ್ಷಣಾ ಉದ್ದೇಶದ ಕೆಲಸಕ್ಕೆ ಮಾತ್ರ ಇದೆಯಲ್ಲ, ಇಲ್ಲಿ ಶಾಂತಿಯುತ ಬಳಕೆಯ ಸಂಶೋಧನೆಗೂ ಏಕೆ ಎಂಬುದು ಅವರ ಪ್ರಶ್ನೆಯ ತಿರುಳು. ಈ ಎರಡನ್ನೂ ಬೇರ್ಪಡಿಸುವುದು ಹೇಗೆಂದು ತಮಗೆ ತಿಳಿಯದು ಎಂಬರ್ಥದ ಉತ್ತರ ಕೊಟ್ಟರು ನೆಹರೂ. ಮಸೂದೆ ಕಾನೂನಾಯಿತು. ಕೃಷ್ಣಮೂರ್ತಿ ರಾವ್ ಮುಂದೆ 1952ರಲ್ಲಿ ರಾಜ್ಯಸಭೆಯ ಮೊದಲ ಉಪಸಭಾಪತಿಯಾದರು, 1962ರಿಂದ ಲೋಕಸಭೆಯ ಉಪಾಧ್ಯಕ್ಷರೂ ಆಗಿದ್ದರು. ಆದರೂ ನಮ್ಮ ಪಠ್ಯಗಳಲ್ಲಿ ಅವರ ಈ ಪ್ರಶ್ನೆ ಕಾಣಿಸುವುದು ಅಪರೂಪ.

ನೆಹರೂ ಅವರ ಉತ್ತರ ನುಣುಚಿಕೊಳ್ಳುವ ಮಾತೆಂದು ನಿಮಗೆ ತೋರಬಹುದು. ಆದರೆ ಅದರಲ್ಲಿ ಭೌತವಿಜ್ಞಾನದ ಸತ್ಯವೂ ಇದೆ. ಒಂದು ಲೆಕ್ಕ ಮಾಡಿ ನೋಡೋಣ. ಪ್ರಕೃತಿಯಲ್ಲಿ ದೊರೆಯುವ ಯುರೇನಿಯಮಿನ 1,000 ಪರಮಾಣುಗಳಲ್ಲಿ ಸುಮಾರು 7 ಮಾತ್ರ ಯುರೇನಿಯಂ-235. ಸುಲಭವಾಗಿ ಸೀಳುವುದು ಇದೇ. ಉಳಿದ 993 ಯುರೇನಿಯಂ-238. ತರಗತಿಯಲ್ಲಿ 993 ಕಡಲೆಕಾಯಿ ಬೀಜಗಳಿಗೆ 7 ಹುಣಸೆ ಬೀಜ ಬೆರೆಸಿ ತೋರಿಸಬಹುದು. ವಿದ್ಯುತ್ ಸ್ಥಾವರದ ಇಂಧನಕ್ಕೆ ಹುಣಸೆ ಬೀಜದ ಪ್ರಮಾಣ ಶೇಕಡ 4ಕ್ಕೆ ಏರಬೇಕೆಂದುಕೊಳ್ಳಿ. ಆಗ ರಾಶಿಯಲ್ಲಿ 175 ಬೀಜ ಉಳಿದರೆ ಸಾಕು. 825 ಕಡಲೆಕಾಯಿ ಬೀಜಗಳನ್ನು ಆರಿಸಿ ತೆಗೆಯಬೇಕು. ಬಾಂಬಿಗೆ ಬೇಕಾಗುವುದು ಶೇಕಡ 90ರ ಆಸುಪಾಸು. ಅದಕ್ಕಾಗಿ ಇನ್ನು 167 ಬೀಜಗಳನ್ನಷ್ಟೇ ತೆಗೆದರಾಯಿತು: ಉಳಿದ 8ರಲ್ಲಿ 7 ಹುಣಸೆ ಬೀಜ, ಅಂದರೆ ಶೇಕಡ 88ರ ಹತ್ತಿರ. ಶ್ರಮದ ಬಹುಭಾಗ ಮೊದಲ ಹಂತದಲ್ಲೇ ಮುಗಿದಿತ್ತು!

ನಿಜವಾದ ಕಾರ್ಖಾನೆಯಲ್ಲಿ ಬೇರ್ಪಡಿಕೆ ಇಷ್ಟು ಶುದ್ಧವಾಗಿರುವುದಿಲ್ಲ. ಯುರೇನಿಯಂ ಹೆಕ್ಸಾಫ್ಲೋರೈಡ್ ಅನಿಲವನ್ನು ಅತಿ ವೇಗವಾಗಿ ತಿರುಗುವ ಸೆಂಟ್ರಿಫ್ಯೂಜ್ ಕೊಳವೆಗಳ ಸರಣಿಯಲ್ಲಿ ಹಾಯಿಸುತ್ತಾರೆ; ಭಾರದ ಅಣುಗಳು ಗೋಡೆಯತ್ತ ಸರಿಯುತ್ತವೆ, ಹಗುರದವು ನಡುವೆ ಉಳಿಯುತ್ತವೆ. ಒಂದು ಕೊಳವೆಯಲ್ಲಿ ಆಗುವ ವ್ಯತ್ಯಾಸ ಬಹಳ ಕಡಿಮೆ. ಹೊರಹಾಕುವ ಕಸದಲ್ಲೂ ಶೇಕಡ 0.3ರಷ್ಟು ಯುರೇನಿಯಂ-235 ಉಳಿಯುತ್ತದೆಂದು ಹಿಡಿದು ಲೆಕ್ಕ ಹಾಕಿದರೂ, ಶೇಕಡ 90ರ ತನಕದ ಒಟ್ಟು ಬೇರ್ಪಡಿಕೆ ಕೆಲಸದಲ್ಲಿ ಬಹುಭಾಗ ಶೇಕಡ 4 ತಲುಪುವಷ್ಟರಲ್ಲಿ ಮುಗಿದಿರುತ್ತದೆ. ಯಂತ್ರ ಅದೇ, ಅನಿಲವೂ ಅದೇ. ಶಾಂತಿಯ ಯಂತ್ರ ಯಾವುದು, ಯುದ್ಧದ್ದು ಯಾವುದು ಎಂದು ಹೊರಗಿನಿಂದ ನೋಡಿ ಹೇಳಲಾಗದು.

ಹಾಗಾದರೆ ತರ್ಕ ಎರಡು ದಿಕ್ಕಿಗೂ ಹೋಗಬಹುದು. ಬೇರ್ಪಡಿಸಲಾಗದ್ದರಿಂದ ಎಲ್ಲವೂ ಗುಟ್ಟು ಎನ್ನಬಹುದು. ಬೇರ್ಪಡಿಸಲಾಗದ್ದರಿಂದಲೇ ಚುನಾಯಿತರ ಕಣ್ಣು ಅದರ ಮೇಲೆ ಹೆಚ್ಚು ಇರಬೇಕು ಎಂದೂ ಹೇಳಬಹುದು. ನಮ್ಮ ದೇಶ ಹಿಡಿದದ್ದು ಮೊದಲನೆಯ ದಾರಿ. 1962ರ ಪರಮಾಣು ಶಕ್ತಿ ಕಾಯಿದೆಯ 18ನೇ ವಿಭಾಗ, ಸ್ಥಾವರಗಳ ಮಾಹಿತಿಯನ್ನು ಪ್ರಕಟಿಸದಂತೆ ತಡೆಯುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು.

ಕೈಗಾದ ಉದಾಹರಣೆ ನೋಡಿ. ಅಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಅವು ಸಂವರ್ಧಿಸದ ಯುರೇನಿಯಮನ್ನೇ ಉರಿಸುತ್ತವೆ, ಅಲ್ಲಿಂದ ಗ್ರಿಡ್ಡಿಗೆ ವಿದ್ಯುತ್ ಬರುತ್ತದೆ. ಆದರೂ 2006ರ ಮಾರ್ಚ್‌ನಲ್ಲಿ ಸಂಸತ್ತಿನ ಮುಂದಿಟ್ಟ ವಿಂಗಡಣಾ ಯೋಜನೆಯಲ್ಲಿ, ಅಂತಾರಾಷ್ಟ್ರೀಯ ತಪಾಸಣೆಗೆ ಒಪ್ಪಿಸಿದ 14 ರಿಯಾಕ್ಟರುಗಳ ಪಟ್ಟಿಗೆ ಕೈಗಾ ಸೇರಲಿಲ್ಲ. ಸದನ ಆ ಪಟ್ಟಿಯನ್ನು ಓದಿತು, ಚರ್ಚಿಸಿತು. ತಿದ್ದುವ ಅಧಿಕಾರ ಅದಕ್ಕಿರಲಿಲ್ಲ. ವಿದೇಶಗಳೊಡನೆ ಒಪ್ಪಂದ ಮಾಡಿಕೊಳ್ಳಲು ಸಂಸತ್ತಿನ ಮುನ್ನೊಪ್ಪಿಗೆ ಬೇಕೆಂದು ನಮ್ಮ ಸಂವಿಧಾನ ಹೇಳುವುದಿಲ್ಲ. 2008ರ ಜುಲೈ 22ರಂದು ಲೋಕಸಭೆಯಲ್ಲಿ 275–256ರ ಮತದಾನ ನಡೆದದ್ದು ಅಮೆರಿಕದ ಜೊತೆಗಿನ ಅಣು ಒಪ್ಪಂದದ ಗದ್ದಲದಲ್ಲಿಯೇ. ಆದರೆ ಮತಕ್ಕೆ ಹಾಕಿದ್ದು ಒಪ್ಪಂದವನ್ನಲ್ಲ, ಸರ್ಕಾರದ ಮೇಲಿನ ವಿಶ್ವಾಸವನ್ನು.

ಯುದ್ಧದ ವಿಷಯವೂ ಹೀಗೆಯೇ. 53ನೇ ವಿಧಿಯಂತೆ ಸೇನೆಗಳ ಸರ್ವೋಚ್ಚ ಅಧಿಕಾರ ರಾಷ್ಟ್ರಪತಿಯವರದು, ನಡೆಸುವವರು ಮಂತ್ರಿಮಂಡಲ. ಯುದ್ಧ ಸಾರುವ ಮುನ್ನ ಸದನದ ಮತ ಬೇಕಿಲ್ಲ. ಯುದ್ಧಕಾಲದ ತುರ್ತುಪರಿಸ್ಥಿತಿಗೆ ಮಾತ್ರ 352ನೇ ವಿಧಿಯಂತೆ ಒಂದು ತಿಂಗಳೊಳಗೆ ಎರಡೂ ಸದನಗಳ ಅನುಮೋದನೆ ಬೇಕು. 1998ರ ಮೇ 11 ಮತ್ತು 13ರ ಪೋಖ್ರಾನ್ ಪರೀಕ್ಷೆಗಳ ಬಗ್ಗೆ ಪ್ರಧಾನಿ ವಾಜಪೇಯಿ ಲೋಕಸಭೆಯಲ್ಲಿ ನೀತಿಪತ್ರ ಮಂಡಿಸಿದ್ದು ಮೇ 27ರಂದು, ಎಲ್ಲ ಮುಗಿದ ಮೇಲೆ. ಅಣ್ವಸ್ತ್ರಗಳ ಕುರಿತ ನಿರ್ಧಾರ ಯಾರದು ಎಂಬುದನ್ನು 2003ರ ಜನವರಿ 4ರಂದು ಪ್ರಕಟಿಸಿದ್ದು ಸಂಪುಟದ ಭದ್ರತಾ ಸಮಿತಿ. ಅದಕ್ಕೆಂದು ಸಂಸತ್ತು ಕಾನೂನು ಮಾಡಿಲ್ಲ.

ಹಾಗೆಂದು ಸಂಸತ್ತು ಕೈಕಟ್ಟಿ ಕುಳಿತಿದೆ ಎಂದಲ್ಲ. ಹಣ ಮತ್ತು ಸುರಕ್ಷತೆಯ ದಾರಿಯಲ್ಲಿ ಅದು ಸಾಕಷ್ಟು ಒಳಹೊಕ್ಕಿದೆ. 2012ರಲ್ಲಿ ಮಹಾಲೇಖಪಾಲರು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯನ್ನು ಪರಿಶೀಲಿಸಿ, 1983ರಲ್ಲಿ ಹುಟ್ಟಿದ ಮಂಡಳಿ ದೇಶಕ್ಕೊಂದು ವಿಕಿರಣ ಸುರಕ್ಷತಾ ನೀತಿಯನ್ನೇ ರೂಪಿಸಿಲ್ಲವೆಂದರು. 2013ರಲ್ಲಿ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದರ ಮೇಲೆ ಕಟುವಾದ ವರದಿ ಕೊಟ್ಟಿತು. 2010ರ ಪರಮಾಣು ಹಾನಿ ಹೊಣೆಗಾರಿಕೆ ಮಸೂದೆಯಲ್ಲಿ ಸ್ಥಾವರ ನಡೆಸುವವರ ಹೊಣೆಯ ಮಿತಿ 500 ಕೋಟಿ ರೂಪಾಯಿ ಇತ್ತು. ಮಸೂದೆ ಸ್ಥಾಯಿ ಸಮಿತಿಗೆ ಹೋಗಿ ಬಂದ ಮೇಲೆ ಅದು 1,500 ಕೋಟಿ ಆಯಿತು. ಭೋಪಾಲ ದುರಂತದ ನೆನಪಿದ್ದವರಿಗೆ ಈ ಸಾವಿರ ಕೋಟಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ. 2025ರ ಡಿಸೆಂಬರಿನಲ್ಲಿ 1962 ಮತ್ತು 2010ರ ಎರಡೂ ಕಾಯಿದೆಗಳ ಬದಲಿಗೆ ‘ಶಾಂತಿ’ ಎಂಬ ಹ್ರಸ್ವನಾಮದ ಮಸೂದೆ ಬಂತು. ಖಾಸಗಿ ಕಂಪನಿಗಳಿಗೂ ಪರಮಾಣು ವಿದ್ಯುತ್ತಿನ ಬಾಗಿಲು ತೆರೆಯುವಷ್ಟು ದೊಡ್ಡ ಬದಲಾವಣೆ. ಅದನ್ನು ಸಮಿತಿಗೆ ಒಪ್ಪಿಸಬೇಕೆಂದು ವಿರೋಧ ಪಕ್ಷಗಳು ಕೇಳಿದವು. 15ರಂದು ಮಂಡನೆಯಾದದ್ದು 18ರ ಹೊತ್ತಿಗೆ ಎರಡೂ ಸದನಗಳನ್ನು ದಾಟಿತು.

ಇನ್ನು ಚಳ್ಳಕೆರೆ. ಕಾವಲಿನ ಹುಲ್ಲುಗಾವಲು ಹೋಯಿತೆಂದು ಕುರಿಗಾಹಿಗಳು ಮತ್ತು ಪರಿಸರ ಸಂಘಟನೆಗಳು ತಕರಾರು ಎತ್ತಿದಾಗ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ನೆಲ, ನೀರು, ಮೇವಿನ ಪ್ರಶ್ನೆಗಳಿಗೆ ಒಂದು ವೇದಿಕೆಯಾದರೂ ಇತ್ತು. ಒಳಗೆ ಏನು ತಯಾರಾಗಲಿದೆ, ಯಾವ ಮಟ್ಟದ ಸಂವರ್ಧನೆ ಎಂಬುದಕ್ಕೆ ಅಂಥ ವೇದಿಕೆಯಿಲ್ಲ. ಅದೇ ಕ್ಷೇತ್ರದ ಪಾವಗಡದ ತಿರುಮಣಿಯಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಅದರ ಮೆಗಾವಾಟ್ ಲೆಕ್ಕವನ್ನು ಯಾರು ಬೇಕಾದರೂ ಕೇಳಬಹುದು.

ನಿಮ್ಮ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡಿ. ಪರಮಾಣು ಶಕ್ತಿ ಇಲಾಖೆ ಪ್ರಧಾನಿಯವರ ಅಧೀನದಲ್ಲಿದೆ. ಸದನದಲ್ಲಿ ಸಾಮಾನ್ಯವಾಗಿ ಉತ್ತರಿಸುವವರು ರಾಜ್ಯ ಸಚಿವರು. ಚುಕ್ಕೆ ಗುರುತಿನ ಪ್ರಶ್ನೆಗೆ ಬಾಯಿಮಾತಿನ ಉತ್ತರ, ಅದರ ಬೆನ್ನಿಗೆ ಉಪಪ್ರಶ್ನೆ ಕೇಳಲು ಅವಕಾಶ. ಚುಕ್ಕೆ ಇಲ್ಲದ್ದಕ್ಕೆ ಬರಹದ ಉತ್ತರ. ಎರಡೂ ಸಂಸತ್ತಿನ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಮಧುಗಿರಿ, ಕೊರಟಗೆರೆಯವರು ತುಮಕೂರು ಸದಸ್ಯರ ಹೆಸರಿನಲ್ಲಿ, ಶಿರಾ, ಪಾವಗಡದವರು ಚಿತ್ರದುರ್ಗ ಸದಸ್ಯರ ಹೆಸರಿನಲ್ಲಿ ಹುಡುಕಲಿ. ಕೈಗಾದ ವಿದ್ಯುತ್ತು, ಯುರೇನಿಯಂ ಗಣಿ, ಉಳ್ಳಾರ್ತಿ, ಹೀಗೆ ವಿಷಯವಾರು ವಿಂಗಡಿಸಿ, ಪ್ರತಿ ಉತ್ತರದಲ್ಲಿ ಅಂಕಿ-ಅಂಶ ಎಷ್ಟು, ಬರೀ ಭರವಸೆ ಎಷ್ಟು ಎಂದು ಗುರುತು ಹಾಕಲಿ. ತಮ್ಮ ಸದಸ್ಯರು ಈ ವಿಷಯದಲ್ಲಿ ಪ್ರಶ್ನೆಯನ್ನೇ ಕೇಳಿಲ್ಲವೆಂದು ಕಂಡುಬಂದರೆ, ಒಂದು ಪ್ರಶ್ನೆಯನ್ನು ಬರೆದು ಅವರಿಗೆ ಅಂಚೆಯಲ್ಲಿ ಕಳಿಸಲಿ. ಸದಸ್ಯರು ಅದನ್ನು ಸದನದಲ್ಲಿ ಕೇಳಲು ಕನಿಷ್ಠ 15 ದಿನ ಮುಂಚೆ ನೋಟಿಸ್ ಕೊಡಬೇಕು. ಆದ್ದರಿಂದ ಅಧಿವೇಶನ ಆರಂಭವಾಗುವುದಕ್ಕೆ ಒಂದು ತಿಂಗಳ ಮೊದಲೇ ಕಾಗದ ತಲುಪಿದರೆ ಒಳ್ಳೆಯದು.